ಎಡಗೈಯಲ್ಲಿ ಹರಸಿದ ಸಕ್ಕರೆ ಗೌರಿ

ನನ್ನ ಮೊಮ್ಮಗನಿಗೆ ಹೆಣ್ಣು ಗೊತ್ತಾಗಿದೆ. ಇದನ್ನು ಮೊದಲು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನ ಮಾತು ಬರೆಯಲು ಕೈ ಓಡುವುದಿಲ್ಲ. ಹುಡುಗಿ ನವನಗರದವಳು. ಕೇಶ್ವಾಪುರದ ಒಂದು ದವಾಖಾನೆಯಲ್ಲಿ ರಕ್ತ ತಪಾಸಣೆ ಮಾಡುವ ಕೆಲಸ. ನಕ್ಕರೆ ಮೂಗಿನ ಮೇಲೆ ಸಣ್ಣ ನೆರಿಗೆ ಬೀಳುತ್ತದೆ. ಅವಳನ್ನು ನೋಡಿ ಬಂದ ದಿನದಿಂದ ಕಾಯಿಪಲ್ಲೆ ಮಾರುವವಳಿಗೆ, ಗಿರಣಿಯವನಿಗೆ, ಬಸ್ಸಿನಲ್ಲಿ ಪಕ್ಕ ಕೂತವರಿಗೆ, ಕೇಳಿದವರಿಗೂ ಕೇಳದವರಿಗೂ ಹೇಳಿದ್ದೇನೆ. ಈಗ ನಿಮಗೆ ಹೇಳುತ್ತಿದ್ದೇನೆ. ನಾನು ಕಲಿತದ್ದು ನಾಲ್ಕನೆಯ ಇಯತ್ತೆ. ಬರೆದದ್ದರಲ್ಲಿ ಹೆಚ್ಚುಕಡಿಮೆ ಇದ್ದರೆ ಸಂತೋಷದ ಭರದಲ್ಲಿ ಆದದ್ದೆಂದು ತಿಳಿಯಿರಿ.

ಆದರೆ ಬರೆಯಲು ಕೂತದ್ದು ಬರೀ ಸಂತೋಷ ಹಂಚುವುದಕ್ಕಲ್ಲ. ಈ ಸಲದ ಗೌರಿ ಹುಣ್ಣಿಮೆಗೆ ನನ್ನದೇ ಆದ ಒಂದು ಗೌರಿಯನ್ನು ಮಾಡಬೇಕೆಂದು ಹೋಗಿ ನಾನು ಪಟ್ಟ ಪಾಡನ್ನು ಬರೆಯಬೇಕಾಗಿದೆ. ಪಾಡಿಗಿಂತ ಹೆಚ್ಚು ಪಟ್ಟದ್ದು ಹೊಟ್ಟೆಕಿಚ್ಚು. ಅದನ್ನೂ ಬಿಡದೆ ಬರೆಯುತ್ತೇನೆ.

ನಮ್ಮದು ಹಳೇ ಹುಬ್ಬಳ್ಳಿಯ ಓಣಿಯಲ್ಲಿ ಸಕ್ಕರೆ ಗೊಂಬೆ ಎರೆಯುವ ಮನೆತನ. ದೀಪಾವಳಿ ಮುಗಿದು ಬರುವ ಗೌರಿ ಹುಣ್ಣಿಮೆಗೆ ನಮ್ಮ ಕಡೆ ಹೆಣ್ಣುಮಕ್ಕಳು ತಾಟಿನಲ್ಲಿ ಸಕ್ಕರೆ ಗೊಂಬೆ ಇಟ್ಟು, ದೀಪ ಹಚ್ಚಿ, ಗೌರಿಗೆ ಆರತಿ ಮಾಡುತ್ತಾರೆ. ಮದುವೆ ನಿಶ್ಚಯವಾದ ಹುಡುಗಿ ಇದ್ದರೆ ಗಂಡಿನ ಕಡೆಯವರು ಸೀರೆ, ಹೂವಿನ ಜೊತೆಗೆ ಸಕ್ಕರೆ ಆರತಿ ಹೊತ್ತುಕೊಂಡು ಅವಳ ಮನೆಗೆ ಹೋಗಬೇಕು. ತಾಟಿನಲ್ಲಿ ಆನೆ, ಒಂಟೆ, ನವಿಲು, ಕಳಸ ಏನೇ ಇರಲಿ, ನಡುವೆ ಗೌರಿ ಇರಲೇಬೇಕು. ಗೌರಿ ಇಲ್ಲದ ಆರತಿ ಎಂದರೆ ಮದುಮಗಳಿಲ್ಲದ ದಿಬ್ಬಣ.

ಗೊಂಬೆ ಎರೆಯುವುದು ಸಾಗವಾನಿ ಕಟ್ಟಿಗೆಯ ಅಚ್ಚಿನಲ್ಲಿ. ನಮ್ಮ ಅತ್ತೆ ಕಣ್ಣು ಮುಚ್ಚುವ ಮೊದಲು ಅಚ್ಚುಗಳನ್ನು ಇಬ್ಬರು ಸೊಸೆಯರಿಗೆ ಹಂಚಿದರು. ಹಿರಿಯ ಸೊಸೆಗೆ, ಅಂದರೆ ನನ್ನ ನೆಗೆಣ್ಣಿಗೆ, ಗೌರಿ ಹೋದಳು. ನನಗೆ ಬಂದದ್ದು ಆನೆ, ಒಂಟೆ, ಕುದುರೆ, ನವಿಲು. ನೆಗೆಣ್ಣಿಯನ್ನು ನಾನು ಅಕ್ಕ ಎನ್ನುತ್ತೇನೆ. ಒಂದೇ ಮನೆಯನ್ನು ಎರಡು ಮಾಡಿದ ಗೋಡೆಯ ಆಚೆ ಅವಳು, ಈಚೆ ನಾನು. ಗೋಡೆ ತೆಳ್ಳಗಿದೆ. ಅವಳ ಮನೆಗೆ ಬಂದ ಗಿರಾಕಿ ಗೌರಿಯನ್ನು ಹೊಗಳಿದರೆ ಪ್ರತಿ ಅಕ್ಷರ ನನಗೆ ಕೇಳುತ್ತದೆ.

ಆ ಗೌರಿಯನ್ನು ವರ್ಣಿಸಲು ನನಗೆ ಮನಸ್ಸಿಲ್ಲ, ಆದರೂ ವರ್ಣಿಸುತ್ತೇನೆ. ಕೂತ ಗೌರಿ. ತವರಿಗೆ ಬಂದ ಮಗಳು ಅಡುಗೆಮನೆಯ ಬಾಗಿಲಲ್ಲಿ ಕೂರುವ ಹಾಗೆ ಒಂದು ಕಾಲು ಮಡಚಿ, ಒಂದು ಕಾಲು ಇಳಿಬಿಟ್ಟು ಕೂತಿದ್ದಾಳೆ. ನಮ್ಮ ಅತ್ತೆ ಹೇಳುತ್ತಿದ್ದರು: ದುರ್ಗವ್ವ ನಿಲ್ಲುತ್ತಾಳೆ, ಯಾಕೆಂದರೆ ಅವಳಿಗೆ ಕೋಣದ ಕೆಲಸ ಬಾಕಿ ಇದೆ. ಗೌರಿಗೆ ಈ ಹುಣ್ಣಿಮೆಯಲ್ಲಿ ಯಾವ ಕೆಲಸವೂ ಇಲ್ಲ, ಅದಕ್ಕೇ ಕೂತಿದ್ದಾಳೆ, ಕೈಯಲ್ಲಿ ಯಾವ ಆಯುಧವೂ ಇಲ್ಲ. ಬಲಗೈ ಎತ್ತಿ ಅಂಜಬೇಡ ಎನ್ನುತ್ತಾಳೆ. ಎಡಗೈ ಎಡತೊಡೆಯ ಮೇಲಿನ ಗಣಪನನ್ನು ಹಿಡಿದಿದೆ. ಗಣಪನ ಸೊಂಡಿಲು ಅವನ ಎಡಕ್ಕೆ, ಕಡುಬಿನ ಕಡೆಗೆ ತಿರುಗಿದೆ. ಸಂಸಾರಸ್ಥರ ಮನೆಯಲ್ಲಿ ಎಡಮುರಿ ಗಣಪನೇ ಇರಬೇಕು. ಬಲಕ್ಕೆ ಸೊಂಡಿಲು ತಿರುಗಿಸಿದ ಬಲಮುರಿಯವನು ಬಹಳ ಕಡಕ್. ಅವನಿಗೆ ಮಡಿ ತಪ್ಪಬಾರದು, ಹೊತ್ತು ತಪ್ಪಬಾರದು.

ಇಂಥ ಗೌರಿ ಅಕ್ಕನ ಮನೆಯಲ್ಲಿ. ಗಿರಾಕಿಗಳು ಅಲ್ಲಿ ಗೌರಿಯನ್ನು ಆರಿಸಿ, ಹಿಂದೆ ಮುಂದೆ ತಿರುಗಿಸಿ ನೋಡಿ, ಅರಿವೆಯಲ್ಲಿ ಸುತ್ತಿಸಿಕೊಂಡು, ಆಮೇಲೆ ನನ್ನ ಬಾಗಿಲಿಗೆ ಬಂದು, ಜೋಡಿಗೆ ಇರಲಿ ಎಂದು ಎರಡು ಆನೆ ಕೇಳುತ್ತಿದ್ದರು. ಜೋಡಿಗೆ ಇರಲಿ. ಈ ಮಾತನ್ನು ಕೇಳಿ ಕೇಳಿ ನನ್ನ ಕೂದಲು ಬೆಳ್ಳಗಾಗಿದೆ. ನನ್ನ ಆನೆಯ ಕಿವಿಯ ಅಂಚು ಎಷ್ಟು ತೆಳ್ಳಗೆ ಬರುತ್ತದೆ ಎಂದು ಒಬ್ಬರೂ ಬೆಳಕಿಗೆ ಹಿಡಿದು ನೋಡಲಿಲ್ಲ.

ಮೊಮ್ಮಗನ ನಿಶ್ಚಯವಾದಾಗ ಮನೆಯವರೆಲ್ಲ ಪೇಢೆ ತಿನ್ನುತ್ತಿದ್ದರು, ನಾನು ಮನಸ್ಸಿನಲ್ಲೇ ತಾಟು ಜೋಡಿಸುತ್ತಿದ್ದೆ. ನಡುವೆ ಗೌರಿಯ ಜಾಗಕ್ಕೆ ಬಂದಾಗ ಅರ್ಧ ತಿಂದ ಪೇಢೆಯನ್ನು ಕೆಳಗಿಟ್ಟೆ. ನನ್ನ ಮೊಮ್ಮಗನ ಆರತಿಯಲ್ಲೂ ಅಕ್ಕನ ಗೌರಿಯೇ ಕೂರಬೇಕೆ? ನವನಗರದಲ್ಲೂ ಜನ ಗೌರಿಯನ್ನು ನೋಡಿ, ನನ್ನ ಆನೆಗಳನ್ನು ಜೋಡಿಗೆ ಇರಲಿ ಎನ್ನಬೇಕೆ? ಈ ಸಲ ನನ್ನದೇ ಗೌರಿ ಎಂದು ಅಲ್ಲೇ ನಿರ್ಧಾರ ಮಾಡಿದೆ.

ಅಚ್ಚು ಕೆತ್ತುವವರು ಈಗ ನಮ್ಮ ಕಡೆ ಸಿಗುವುದಿಲ್ಲ. ಬಾಗಿಲು ಚೌಕಟ್ಟು ಕೆತ್ತುವ ಒಬ್ಬ ಬಡಿಗೇರ ಸಿಕ್ಕ. ದೊಡ್ಡ ಮನೆಗಳ ಬಾಗಿಲ ಮೇಲೆ ಆನೆಗಳ ನಡುವಿನ ಲಕ್ಷ್ಮಿಯನ್ನು ಕೆತ್ತಿ ಹೆಸರು ಮಾಡಿದವನು. ನಾನು ಕ್ಯಾಲೆಂಡರಿನಿಂದ ಕತ್ತರಿಸಿದ ಗೌರಿಯ ಚಿತ್ರ ಕೊಟ್ಟೆ. ಅಕ್ಕನ ಗೌರಿಗಿಂತ ನಾಲ್ಕು ಬೆರಳು ಎತ್ತರ ಬೇಕು ಎಂದೆ. ಅಕ್ಕನ ಗೌರಿಗೆ ಇಲ್ಲದ ಸೊಂಟದ ಡಾಬು, ತೋಳಬಂದಿ, ಕಾಲಲ್ಲಿ ದಪ್ಪ ಕಡಗ ಬೇಕು ಎಂದೆ. ಆಭರಣ ಹೆಚ್ಚಾದರೆ ಸಕ್ಕರೆ ಅಲ್ಲಿ ಹಿಡಿದುಕೊಳ್ಳುತ್ತದೆ ಎಂದು ಅವನು ಹೇಳಿ ನೋಡಿದ. ನಾನು ಕೇಳಲಿಲ್ಲ.

ಅವನು ಕೆತ್ತುವಾಗ ನಾನು ದಿನಾ ಹೋಗಿ ಪಕ್ಕದಲ್ಲಿ ಕೂರುತ್ತಿದ್ದೆ. ಸಾಗವಾನಿಯ ಎರಡು ಹಲಗೆ, ಮುಂಭಾಗಕ್ಕೊಂದು ಬೆನ್ನಿಗೊಂದು, ಕೆಳಗೆ ಪಾಕ ಹೊಯ್ಯಲು ಬಾಯಿ. ಚಿತ್ರವನ್ನು ಹಲಗೆಯ ಮೇಲೆ ಇಟ್ಟು, ಗೆರೆ ಗುರುತಿಸಿ, ಸಣ್ಣ ಉಳಿಯಿಂದ ಒಳಕ್ಕೆ ತೋಡುತ್ತ ಹೋದ. ಮುಖ ಮುಗಿದಾಗ ಕಣಕ ಒತ್ತಿ ತೆಗೆದು ನೋಡಿದೆವು. ಮೂಗು ಛಲೋ ಬಂದಿತ್ತು, ಗದ್ದ ಛಲೋ ಬಂದಿತ್ತು. ನತ್ತು ಆಗ ಇನ್ನೂ ಕೆತ್ತಿರಲಿಲ್ಲ. ಮುಖ ಸರಿ ಬಂದರೆ ಮೈ ತಾನಾಗಿ ಬರುತ್ತದೆ ಎಂದುಕೊಂಡು ಮತ್ತೆ ಕಣಕ ಒತ್ತಲಿಲ್ಲ. ನನಗೆ ಅವಸರ. ಅವನಿಗೂ ಯಾರದೋ ಗೃಹಪ್ರವೇಶದ ಬಾಗಿಲು ಬಾಕಿ ಇತ್ತು.

ಮುಗಿದ ಅಚ್ಚನ್ನು ಮನೆಗೆ ತಂದು ನೀರಲ್ಲಿ ಮುಳುಗಿಸಿಟ್ಟೆ. ಹೊಸ ಕಟ್ಟಿಗೆ ನೀರು ಕುಡಿಯದಿದ್ದರೆ ಸಕ್ಕರೆಯನ್ನು ಬಿಡುವುದಿಲ್ಲ. ಆಮೇಲೆ ಪಾಕ. ಸಕ್ಕರೆ ಕುದಿಯುವಾಗ ಹಾಲು ಹಾಕಿದರೆ ಹೊಲಸೆಲ್ಲ ಮೇಲೆ ಬರುತ್ತದೆ, ಅದನ್ನು ತೆಗೆದು ಅರಿವೆಯಲ್ಲಿ ಸೋಸಬೇಕು. ಮತ್ತೆ ಕುದಿಸಿ, ಬೆರಳಿಗೆ ಹಚ್ಚಿ ಎಳೆ ನೋಡಿ ಇಳಿಸಬೇಕು. ಇಳಿಸಿದ ಮೇಲೆ ಕಟ್ಟಿಗೆಯ ಸೌಟಿನಿಂದ ಪಾತ್ರೆಯ ಗೋಡೆಗೆ ತಿಕ್ಕುತ್ತ ಇದ್ದರೆ ತಿಳಿ ಪಾಕ ಹಾಲಿನ ಬಣ್ಣಕ್ಕೆ ತಿರುಗುತ್ತದೆ. ಆ ಬಣ್ಣ ಬಂದ ಗಳಿಗೆಯಲ್ಲೇ ದಾರ ಸುತ್ತಿ ಬಿಗಿದ ಅಚ್ಚಿಗೆ ಹೊಯ್ಯಬೇಕು. ಮುಂಚೆ ಹೊಯ್ದರೆ ಗೊಂಬೆ ಅಂಟು, ತಡವಾದರೆ ಪಾಕ ಪಾತ್ರೆಯಲ್ಲೇ ಕಲ್ಲು.

ಮೊದಲ ಗೌರಿಯ ಡಾಬು ಅಚ್ಚಿನಲ್ಲೇ ಉಳಿಯಿತು, ಜೊತೆಗೆ ಸೊಂಟವೂ. ಬಡಿಗೇರ ಬಂದು ಆಭರಣಗಳ ಅಂಚು ತಿಕ್ಕಿ ನುಣುಪು ಮಾಡಿಕೊಟ್ಟ. ಎರಡನೆಯದಕ್ಕೆ ಕುತ್ತಿಗೆ ಮುರಿಯಿತು. ಆಮೇಲೆ ಹಬ್ಬದ ಹೊತ್ತಿಗೆ ಬರಬಾರದ ಮೋಡ ಬಂದು ಕವಿಯಿತು. ಗಾಳಿಯಲ್ಲಿ ತೇವ ಇದ್ದರೆ ಸಕ್ಕರೆ ಗೊಂಬೆ ಬೆವರುತ್ತದೆ. ಮುಂಜಾನೆ ನೋಡಿದರೆ ನನ್ನ ಆನೆಗಳೆಲ್ಲ ಅತ್ತ ಹಾಗೆ ಕೂತಿದ್ದವು. ಕೋಣೆಯಲ್ಲಿ ಕೆಂಡದ ಬುಟ್ಟಿ ಇಟ್ಟು ಅವುಗಳನ್ನು ಒಣಗಿಸಿ, ಮತ್ತೆ ಗೌರಿಗೆ ಕೈ ಹಚ್ಚಿದೆ. ಗೋಡೆಯ ಆಚೆ ಅಕ್ಕನ ಒಲೆಯ ಸಪ್ಪಳ ಈ ಸಲ ಕಡಿಮೆ ಇತ್ತು. ಗೌರಿಯನ್ನು ಬೇಕೆಂದೇ ಕಡಿಮೆ ಮಾಡಿ ಗಿರಾಕಿಗಳನ್ನು ಬಾಗಿಲಲ್ಲಿ ನಿಲ್ಲಿಸಿಕೊಳ್ಳುತ್ತಿದ್ದಾಳೆ, ಎಂಥ ಸೊಕ್ಕು ಎಂದುಕೊಂಡೆ.

ಕಡೆಗೆ ಒಂದು ಗೌರಿ ಇಡಿಯಾಗಿ ಬಂದಳು. ದಾರ ಬಿಚ್ಚಿ, ಹಲಗೆ ಸರಿಸಿದಾಗ ಬೆಳ್ಳಗೆ, ಎತ್ತರಕ್ಕೆ, ಡಾಬು ತೋಳಬಂದಿ ಸಮೇತ ಕೂತಿದ್ದಳು. ನನ್ನ ಸೊಸೆ ಕೈ ಮುಗಿದಳು. ನಾನು ಅವಳನ್ನು ಓಣಿಯವರಿಗೆ ಕಾಣುವ ಹಾಗೆ ಕಿಟಕಿಯಲ್ಲಿ ಇಟ್ಟೆ. ಖರೇ ಹೇಳಬೇಕೆಂದರೆ ಓಣಿಯವರಿಗಲ್ಲ, ಅಕ್ಕನಿಗೆ ಕಾಣಲಿ ಎಂದು.

ಅಕ್ಕ ಬಂದಳು. ಕರಿಬೇವು ಕೇಳುವ ನೆವ. ಕಿಟಕಿಯ ಮುಂದೆ ನಿಂತು ಗೌರಿಯನ್ನು ಬಹಳ ಹೊತ್ತು ನೋಡಿದಳು. ಗಣಪನ ಸೊಂಡಿಲನ್ನು ಬೆರಳ ತುದಿಯಿಂದ ಮುಟ್ಟಿದಳು. ಎತ್ತರ ಛಲೋ ಬಂದಾಳ ಎಂದಳು, ಹೋದಳು. ಕರಿಬೇವನ್ನು ಮರೆತೇ ಹೋದಳು. ಅವಳ ಮುಖ ಸಣ್ಣದಾಗಿತ್ತು. ಅಷ್ಟು ವರ್ಷ ನನ್ನ ಹೊಟ್ಟೆಯಲ್ಲಿ ಉರಿದದ್ದು ಈಗ ಅವಳ ಹೊಟ್ಟೆಯಲ್ಲಿ ಉರಿಯುತ್ತಿದೆ ಎಂದುಕೊಂಡು ನಾನು ಆ ಮಧ್ಯಾಹ್ನ ಎರಡು ರೊಟ್ಟಿ ಹೆಚ್ಚು ತಿಂದೆ.

ಸೊಸೆ ಮೊಬೈಲಿನಲ್ಲಿ ಗೌರಿಯ ಫೋಟೋ ತೆಗೆದು ಹುಡುಗಿಯ ತಾಯಿಗೆ ಕಳಿಸಿದಳು. ಸಂಜೆ ಅವರ ಫೋನು ಬಂತು. ಸೊಸೆ ನನ್ನ ಕೈಗೇ ಕೊಟ್ಟಳು.

“ಅಮ್ಮಾರ, ಗೌರಿ ಭಾಳ ಛಂದ ಬಂದಾಳ್ರಿ. ಒಂದ್ ಮಾತ ಕೇಳೂದಿತ್ರಿ, ತಪ್ಪ ತಿಳೀಬ್ಯಾಡ್ರಿ. ನಿಮ್ಮ ಮನ್ಯಾಗ ಬಲಮುರಿ ಗಣಪ್ಪನ ಪದ್ಧತಿ ಐತೇನ್ರಿ? ಇದ್ರ ಮಡಿ ಹೆಂಗ, ಏನ್ ಅಂತ ಮೊದಲ ಹೇಳ್ರಿ. ಹುಡುಗಿ ದವಾಖಾನಿ ಕೆಲಸದಾಕಿ. ಆಕಿ ಕೈಲೆ ಅದು ಆಗ್ತೈತೋ ಇಲ್ಲೋ ಅಂತ.”

ಮಾತು ಮೆತ್ತಗೇ ಇತ್ತು. ಆದರೆ ಅದರೊಳಗಿನ ಅಂಜಿಕೆ ನನಗೆ ಕೇಳಿಸಿತು. ಮದುವೆಗೆ ಮುಂಚೆಯೇ ಇಷ್ಟು ಕಡಕ್ ಮನೆತನವೇ ಎಂದು ಅವರು ಯೋಚಿಸುತ್ತಿದ್ದರು. ಇಲ್ಲೇ ಸಂಬಂಧದಲ್ಲಿ ಒಂದು ಎಳೆ ಸಡಿಲವಾದರೆ?

“ಎಲ್ಲಿ ಬಲಮುರಿ ಬಿಡವ್ವಾ,” ಎಂದೆ. “ಮೊಬೈಲ್‌ನ್ಯಾಗ ಎಡಾ ಬಲಾ ತಿರುವಿ ಬರ್ತೈತಿ. ಹುಣ್ಣಿವಿ ದಿನ ನೀವ ನೋಡ್ತೀರಲ್ಲ.”

ಫೋನು ಇಟ್ಟು ಕಿಟಕಿಗೆ ಓಡಿದೆ. ಸೊಂಡಿಲು ಬಲಕ್ಕೆ. ಗಣಪ ಕೂತದ್ದು ಬಲತೊಡೆಯ ಮೇಲೆ. ಎಡಕ್ಕಿರಬೇಕಾದ ನತ್ತು ಬಲಕ್ಕೆ. ಅದಕ್ಕಿಂತ ಮಿಗಿಲು, ಗೌರಿ ಎತ್ತಿ ಹಿಡಿದದ್ದು ಎಡಗೈ. ಅಷ್ಟು ಡಾಬು ತೋಳಬಂದಿ ಹಾಕಿಕೊಂಡು ನನ್ನ ಗೌರಿ ಎಡಗೈಯಲ್ಲಿ ಹರಸುತ್ತಿದ್ದಳು.

ಬಡಿಗೇರನ ಹತ್ತಿರ ಅಚ್ಚು ಹೊತ್ತುಕೊಂಡು ಹೋದೆ. ಅವನು ಚಿತ್ರವನ್ನು ಅಚ್ಚಿನ ಪಕ್ಕ ಇಟ್ಟು ತೋರಿಸಿದ. ಕೂದಲೆಳೆಯಷ್ಟೂ ಫರಕು ಇರಲಿಲ್ಲ. ಚಿತ್ರದಲ್ಲಿ ಕೈ ಯಾವ ಕಡೆಗಿದೆಯೋ ಅಚ್ಚಿನಲ್ಲೂ ಅದೇ ಕಡೆಗೆ. ಅದೇ ತಪ್ಪು. ಬಾಗಿಲ ಮೇಲಿನ ಲಕ್ಷ್ಮಿ ಕಟ್ಟಿಗೆಯಿಂದ ಹೊರಕ್ಕೆ ಎದ್ದು ಬರುತ್ತಾಳೆ, ಚಿತ್ರವಿದ್ದ ಹಾಗೇ ಕೆತ್ತಿದರೆ ಸರಿ. ಅಚ್ಚಿನ ಗೌರಿ ಕಟ್ಟಿಗೆಯ ಒಳಗೆ ಹೋಗಿದ್ದಾಳೆ. ಅವಳನ್ನು ಹೊರಗೆ ತೆಗೆದಾಗ ಎಡ ಬಲ ಅದಲುಬದಲು. ಅದಕ್ಕೆ ಮೊದಲೇ ತಿರುವಿ ಕೆತ್ತಬೇಕಿತ್ತು. ಅವನಿಗೆ ಅರ್ಥವಾದಾಗ ಉಳಿಯನ್ನು ಕೆಳಗಿಟ್ಟ.

ಅವನನ್ನು ಬೈಯಲು ಬಾಯಿ ಬರಲಿಲ್ಲ. ಅವನು ಬಾಗಿಲಿನವನು. ಅಚ್ಚಿನ ಜೊತೆ ಬಾಳ್ವೆ ಮಾಡಿದವಳು ನಾನು. ಆದರೆ ನನ್ನ ಅಚ್ಚುಗಳಲ್ಲಿ ಇದ್ದವರು ಯಾರು? ಆನೆ, ಒಂಟೆ, ನವಿಲು. ಆನೆ ಎಡಕ್ಕೆ ಮುಖ ಮಾಡಿದರೂ ಆನೆ, ಬಲಕ್ಕೆ ಮಾಡಿದರೂ ಆನೆ. ಒಂಟೆ ಯಾರನ್ನೂ ಹರಸುವುದಿಲ್ಲ. ಎಡ ಬಲದ ಚಿಂತೆ ದೇವಿಯನ್ನು ಎರೆಯುವವರಿಗೆ ಮಾತ್ರ. ಆ ಚಿಂತೆ ಮಾಡುವ ಭಾಗ್ಯ ನನಗೆ ಯಾರೂ ಕೊಟ್ಟಿರಲಿಲ್ಲ. ದಾರಿಯುದ್ದಕ್ಕೂ ಇದನ್ನೇ ನೆನೆದು ಅಕ್ಕನ ಮೇಲೆ, ಸತ್ತು ಹೋದ ಅತ್ತೆಯ ಮೇಲೆ ಸಿಟ್ಟು ಮಾಡಿಕೊಂಡು ಮನೆಗೆ ಬಂದೆ.

ಹೊಸ ಅಚ್ಚಿಗೆ ಹೊತ್ತಿರಲಿಲ್ಲ. ಹುಣ್ಣಿಮೆ ಹತ್ತಿರ ಬಂದಿತ್ತು. ಇದ್ದ ಗೌರಿಯನ್ನೇ ತಿದ್ದಲು ನೋಡಿದೆ. ಚಾಕು ಕಾಯಿಸಿ ಸೊಂಡಿಲನ್ನು ಕೊಯ್ದು, ಪಾಕ ಹಚ್ಚಿ ಎಡಕ್ಕೆ ಅಂಟಿಸಿದೆ. ಒಣಗಿದ ಮೇಲೆ ಅದು ಸೊಂಡಿಲಿನ ಹಾಗೆ ಕಾಣಲಿಲ್ಲ, ಗಣಪನ ಗಲ್ಲಕ್ಕೆ ಗಡ್ಡೆ ಎದ್ದ ಹಾಗೆ ಕಂಡಿತು. ಸೊಂಡಿಲು ಸರಿ ಹೋಗಿದ್ದರೂ ಗೌರಿಯ ಕೈಗೆ ಏನು ಮಾಡಲಿ? ಅವಳನ್ನು ಒಡೆದು ಪಾಕಕ್ಕೆ ಹಾಕಿದೆ. ದೇವಿಯನ್ನು ಕರಗಿಸುವಾಗ ನಾವು ಅರಿಷಿಣ ಹಾಕಿ ಕೈ ಮುಗಿಯುತ್ತೇವೆ. ಕೈ ಮುಗಿದೆ, ಅತ್ತುಬಿಟ್ಟೆ.

ಪ್ಯಾಟೆಗೂ ಹೋದೆ. ಅಂಗಡಿಯ ಹಲಗೆಗಳ ಮೇಲೆ ಸಾಲುಸಾಲು ಗೌರಿಯರು. ಎಲ್ಲರ ಬಲಗೈಯೂ ಸರಿಯಾಗಿ ಮೇಲೆ. ಒಂದನ್ನು ಕೈಗೆತ್ತಿಕೊಂಡೆ, ಇಟ್ಟೆ. ಮಾರುವವಳಿಗೆ ನನ್ನ ಗುರುತಿತ್ತು. ಕೊಂಡಿದ್ದರೆ, ಸಕ್ಕರೆ ಗೊಂಬೆಯ ಮನೆಯವಳು ಮೊಮ್ಮಗನ ಆರತಿಗೆ ಗೌರಿಯನ್ನು ಪ್ಯಾಟೆಯಲ್ಲಿ ಕೊಂಡಳು ಎಂದು ಊರೆಲ್ಲ ಹೇಳುತ್ತಿದ್ದಳು. ಬರಿಗೈಯಲ್ಲಿ ತಿರುಗಿ ಬಂದೆ.

ಅಂಗಳದಲ್ಲಿ ಗೋಡೆಯ ಹತ್ತಿರ ನಿಂತೆ. ಗೌರಿ ಇಲ್ಲದೆ ಕಳಸ ಇಟ್ಟು ನಡೆಸಿಬಿಡಲೇ? ಹುಡುಗಿಯ ತಾಯಿಗೆ ಗೌರಿಯನ್ನು ನೀವೇ ನೋಡುತ್ತೀರಿ ಎಂದು ಹೇಳಿಯಾಗಿದೆ. ಗೌರಿ ಬರದಿದ್ದರೆ ಬಲಮುರಿಯ ಅನುಮಾನ ಗಟ್ಟಿಯಾಗುತ್ತದೆ. ಉಳಿದದ್ದು ಒಂದೇ ಬಾಗಿಲು. ಆ ಬಾಗಿಲಿಗೆ ನಾನು ಏನನ್ನೂ ಕೇಳಲು ಹೋದವಳಲ್ಲ. ಉಪ್ಪು ಕೂಡ ಎರಡು ಮನೆ ದಾಟಿ ಇನ್ನೊಬ್ಬರ ಹತ್ತಿರ ಕೇಳಿದವಳು. ಮೊಮ್ಮಗನ ಮುಖ ನೆನೆದೆ. ಸೆರಗು ಹೊದ್ದು ಹೋದೆ.

ಅಕ್ಕ ಒಲೆಯ ಮುಂದೆ ಕೂತಿದ್ದಳು.

“ಬಾ,” ಎಂದಳು. “ಚಾಕ್ಕ ನೀರ ಇಡಲ್ಯೋ, ಪಾಕಕ್ಕ ಇಡಲ್ಯೋ?”

ಅವಳಿಗೆ ಎಲ್ಲ ಗೊತ್ತಿತ್ತು. ನನಗೆ ಕಾಲಿನಿಂದ ತಲೆಯವರೆಗೆ ಉರಿಯಿತು.

“ಅವತ್ತ ಕಿಟಕ್ಯಾಗ ನೋಡಿದ್ದಿ. ಸೊಂಡಿಲ ಮುಟ್ಟಿ ನೋಡಿದ್ದಿ. ಯಾಕ ಹೇಳಲಿಲ್ಲಕ್ಕಾ?”

“ಹೇಳಿದ್ರ ಏನಂತಿದ್ದಿ? ಇಕಿಗೆ ಹೊಟ್ಟಿಕಿಚ್ಚು ಅಂತಿದ್ದಿ. ಹೌದಿಲ್ಲೋ?”

ಹೌದು, ಹಾಗೇ ಅನ್ನುತ್ತಿದ್ದೆ.

“ಖರೇನ ಇತ್ತು ಬಿಡು ಹೊಟ್ಟಿಕಿಚ್ಚು,” ಎಂದಳು ಅಕ್ಕ. ಒಲೆಯ ಕಡೆ ಮುಖ ಮಾಡಿಕೊಂಡೇ ಹೇಳಿದಳು. “ಹುಡುಗಿ ನೋಡಾಕ ಟೆಂಪೊ ತುಂಬಿಸ್ಕೊಂಡ ಹೋದ್ರಿ. ಓಣ್ಯಾಗಿನವ್ರನ್ನ ಕರಕೊಂಡ ಹೋದಿ. ಈ ಗೋಡಿ ಆಚಿಗೆ ಇದ್ದಾಕಿನ್ನ ಕರೀಲಿಲ್ಲ. ಅವ ನನಗೂ ಮೊಮ್ಮಗ ಅಲ್ಲೇನು? ಟೆಂಪೊ ಹೋದ ಮ್ಯಾಲೆ ನಾ ಬಾಗಲ ಹಾಕ್ಕೊಂಡ ಕುಂತಿದ್ದೆ.”

ಅಂದು ಅವಳನ್ನು ಕರೆಯದೆ ಇದ್ದದ್ದು ಮರೆವಿನಿಂದಲ್ಲ. ಅವಳು ಬಂದರೆ ಅವರು ಅವಳನ್ನೇ ಹಿರಿಯಳೆಂದು ಮೊದಲು ಕೂರಿಸುತ್ತಿದ್ದರು. ಅದು ನನಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು.

“ಅಚ್ಚ ಕೊಡ್ತೇನಿ,” ಎಂದಳು. “ಆದ್ರ ಗೌರಿ ಜೋಡಿ ನಾನೂ ನವನಗರಕ್ಕ ಬರ್ತೇನಿ. ಆರತಿ ತಾಟ ನಾ ಹಿಡೀತೇನಿ.”

ಆರತಿ ತಾಟು ಹಿಡಿದವಳೇ ಮೊದಲು ಹೊಸ್ತಿಲು ದಾಟುತ್ತಾಳೆ. ಅವಳ ಕಾಲಿಗೇ ಮೊದಲು ನೀರು, ಅವಳ ಹಣೆಗೇ ಮೊದಲು ಕುಂಕುಮ. ನಿಶ್ಚಯವಾದ ದಿನದಿಂದ ನಾನು ಕನಸು ಕಂಡದ್ದು ಆ ಹೊಸ್ತಿಲನ್ನೇ. ಹೊರಟು ಬಿಡೋಣ ಎಂದು ತಿರುಗಿದೆ. ಬಾಗಿಲವರೆಗೂ ಹೋದೆ. ಅಲ್ಲಿ ಅವಳ ಸೊಸೆ ಬಟ್ಟೆ ಒಣಹಾಕುತ್ತಿದ್ದಳು. ನಮ್ಮ ಅತ್ತೀ ಕೈ ಹೆಂಗೈತಿ ಕೇಳಿದ್ರೇನ್ರಿ ಎಂದಳು. ಆಗ ತಿಳಿಯಿತು. ಮಳೆಗಾಲದಲ್ಲಿ ಬಚ್ಚಲ ಕಲ್ಲಿನ ಮೇಲೆ ಜಾರಿ ಅಕ್ಕನ ಬಲಗೈ ಮಣಿಕಟ್ಟು ಮುರಿದಿತ್ತಂತೆ. ಪಟ್ಟಿ ಬಿಚ್ಚಿದರೂ ಹಿಡಿತ ಇನ್ನೂ ಪೂರ್ತಿ ಬಂದಿಲ್ಲ. ಅಚ್ಚಿಗೆ ದಾರ ಬಿಗಿಯಲು ಆಗುವುದಿಲ್ಲ. ಗೌರಿಯರು ಕಡಿಮೆಯಾದದ್ದು ಅದಕ್ಕೆ. ಗೋಡೆಯ ಆಚೆಯಿಂದ ಹೊಗಳಿಕೆ ಅಷ್ಟೆಲ್ಲ ಕೇಳುವ ನನ್ನ ಕಿವಿಗೆ ಒಂದು ಕೈ ಮುರಿದದ್ದು ಕೇಳಿರಲಿಲ್ಲ.

ತಿರುಗಿ ಒಳಗೆ ಬಂದೆ. “ಹಿಡಿಯಕ್ಕಾ ತಾಟ,” ಎಂದೆ. “ಪಾಕಕ್ಕ ಇಡು.”

ಹೇಳಿದ ಮೇಲೆ ಮನಸ್ಸು ಹಗುರವಾಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಬೇಸರವೇ ಆಯಿತು. ಆದರೆ ಕೆಲಸ ಇತ್ತು.

ಸಕ್ಕರೆ ನನ್ನದು, ಪಾತ್ರೆ ನನ್ನದು, ಒಲೆ ಅವಳದು. ಅಚ್ಚನ್ನು ಅವಳು ಬಟ್ಟೆ ಬಿಚ್ಚಿ ನನ್ನ ತೊಡೆಯ ಮೇಲೆ ಇಟ್ಟಳು. ಆ ಅಚ್ಚಿನ ಒಳಗನ್ನು ನಾನು ಅದೇ ಮೊದಲು ನೋಡಿದ್ದು. ನಾಲ್ಕು ತುಂಡಿನದು: ಮುಂದೆ, ಹಿಂದೆ, ಮತ್ತು ಕೈ ಎತ್ತಿದ ಕಡೆ ಎರಡು ಸಣ್ಣ ತುಂಡು. ಒಳಗಿನ ಗೌರಿ ಎಡಗೈ ಎತ್ತಿದ್ದಳು, ಒಳಗಿನ ಗಣಪ ಬಲಮುರಿ. ಈ ಅಚ್ಚು ಕೆತ್ತಿದವನ ಪಕ್ಕದಲ್ಲಿ ನಾನು ಕೂತಿದ್ದರೆ ಇದನ್ನೇ ತಪ್ಪು ಎಂದು ಹೇಳಿ ತಿದ್ದಿಸುತ್ತಿದ್ದೆ.

ದಾರ ನಾನು ಬಿಗಿದೆ. ಸುತ್ತು ಎಲ್ಲಿ ಬರಬೇಕು ಎಂದು ಅಕ್ಕ ಬೆರಳಿಟ್ಟು ತೋರಿಸಿದಳು. ಪಾಕ ಹಾಲಿನ ಬಣ್ಣಕ್ಕೆ ತಿರುಗಿದಾಗ ಹೊಯ್ದೆ. ಆನೆಯ ಲೆಕ್ಕದಲ್ಲಿ ಕಾದೆ, ಬಿಚ್ಚಿದೆ. ಗೌರಿಯ ಎತ್ತಿದ ಕೈ ಅಚ್ಚಿನಲ್ಲೇ ಉಳಿಯಿತು. ನನಗೆ ಅಳು ಬಂತು.

“ಇದು ಆನಿ ಅಲ್ಲವಾ,” ಎಂದಳು ಅಕ್ಕ. “ಆನಿ ಕಾಲು ದಪ್ಪ, ತಾಳ್ತೈತಿ. ಇಕಿ ಕೈ ಕಿರುಬೆರಳಿನಷ್ಟ ಐತಿ. ಕೈ ಕಡೆ ತುಂಡ ಮೊದಲ ಬಿಚ್ಚಬ್ಯಾಡ, ಕಡೀಕ ಬಿಚ್ಚು. ಮೈ ಹೊರಗ ಬಂದ ಮ್ಯಾಲ ಕೈ ತಾನ ಬಿಡ್ತೈತಿ.”

ಮತ್ತೆ ಎರೆದೆ. ಈ ಸಲ ಅವಳು ಸಾಕು ಎನ್ನುವವರೆಗೆ ಮುಟ್ಟಲಿಲ್ಲ. ಬೆನ್ನಿನ ಹಲಗೆ ಮೊದಲು, ಆಮೇಲೆ ಮುಂದಿನದು, ಕಡೆಗೆ ಕೈಯ ತುಂಡುಗಳು. ಗೌರಿ ಬಂದಳು. ಡಾಬು ಇಲ್ಲ, ತೋಳಬಂದಿ ಇಲ್ಲ, ಎತ್ತರವೂ ಇಲ್ಲ. ಬಲಗೈ ಎತ್ತಿ ಆರಾಮಾಗಿ ಕೂತಿದ್ದಳು. ನಾನು ನೋಡುತ್ತ ನಿಂತೆ. ಇದು ನನ್ನ ಅಚ್ಚಾಗಿದ್ದರೆ ಎಂದು ಆಗಲೂ ಅನ್ನಿಸಿತು. ಎರಡೂ ಮನೆಯ ಕೆಂಡದ ಬುಟ್ಟಿಗಳನ್ನು ಅವಳ ಸುತ್ತ ಇಟ್ಟು ಬೆವರದಂತೆ ಕಾಯ್ದೆವು.

ಹುಣ್ಣಿಮೆಯ ಸಂಜೆ ಟೆಂಪೊದಲ್ಲಿ ಹೊರಟೆವು. ಅಕ್ಕ ಮುಂದೆ ಕೂತಳು, ತಾಟು ತೊಡೆಯ ಮೇಲೆ. ನಾನು ಹಿಂದೆ, ಸೀರೆ ಹೂವಿನ ಬುಟ್ಟಿಗಳ ನಡುವೆ. ಧಾರವಾಡದ ರಸ್ತೆಯಲ್ಲಿ ಪ್ರತಿ ಉಬ್ಬಿಗೂ ಡ್ರೈವರ್, ದೊಡ್ಡಮ್ಮಾರ ಗೌರಿ ಆರಾಮ ಅದಾಳೇನ್ರಿ ಎಂದು ಅಕ್ಕನನ್ನು ಕೇಳುತ್ತಿದ್ದ. ನನ್ನ ಆನೆಗಳನ್ನು ಯಾರೂ ಕೇಳಲಿಲ್ಲ.

ಹೊಸ್ತಿಲಲ್ಲಿ ನಾನು ನೆನೆದ ಹಾಗೆಯೇ ಆಯಿತು. ಮೊದಲ ನೀರು ಅಕ್ಕನ ಕಾಲಿಗೆ, ಮೊದಲ ಕುಂಕುಮ ಅಕ್ಕನ ಹಣೆಗೆ. ಹುಡುಗಿಯನ್ನು ಮಣೆಯ ಮೇಲೆ ಕೂರಿಸಿ ಉಡಿ ತುಂಬಿದೆವು, ಹಾಡು ಹೇಳಿ ಆರತಿ ಬೆಳಗಿದೆವು. ದೀಪದ ಬೆಳಕಿನಲ್ಲಿ ಸಕ್ಕರೆಯ ಗೌರಿ ಒಳಗಿನಿಂದ ಬೆಳಗಿದ ಹಾಗೆ ಕಂಡಳು. ಹುಡುಗಿ ಅವಳನ್ನೇ ನೋಡುತ್ತಿದ್ದಳು, ನಾನು ಹುಡುಗಿಯನ್ನೇ ನೋಡುತ್ತಿದ್ದೆ. ನೋಡುತ್ತ ನೋಡುತ್ತ ಹಾಡಿನ ಎರಡು ಸಾಲು ಬಿಟ್ಟೇ ಹೋದವು.

ಹುಡುಗಿಯ ತಾಯಿ ಆರತಿಗಿಂತ ಮೊದಲು ಬಗ್ಗಿ ಸೊಂಡಿಲನ್ನು ನೋಡಿದ್ದನ್ನು ನಾನು ಗಮನಿಸಿದ್ದೆ. ಅವರಿಗೆ ನೆಮ್ಮದಿಯಾಯಿತು. ಫೋಟೋದಲ್ಲಿದ್ದ ಡಾಬು ತೋಳಬಂದಿ ಎಲ್ಲಿ ಹೋದವು ಎಂದು ಹುಡುಕಲಿಲ್ಲ, ಅವರ ಕಣ್ಣು ಸೊಂಡಿಲಿನ ಮೇಲೇ ಇತ್ತು. ನನ್ನ ಕಡೆ ತಿರುಗಿ, ನೀವು ಹೇಳಿದ್ದು ಖರೇ ಅಮ್ಮಾರ, ಮೊಬೈಲ್ ತಿರುವಿತ್ತ ನೋಡ್ರಿ ಎಂದು ನಕ್ಕರು. ಅಕ್ಕ ಪಕ್ಕದಲ್ಲೇ ಇದ್ದಳು. ಒಂದು ಮಾತಿನಲ್ಲಿ ನನ್ನನ್ನು ಅಲ್ಲೇ ಕೆಡವಬಹುದಿತ್ತು. ನನ್ನ ಕಡೆ ಒಂದು ಸಲ ನೋಡಿದಳು.

“ಈಗಿನ ಮೊಬೈಲ್ ನಂಬಾಕ ಬರಂಗಿಲ್ಲವ್ವಾ,” ಎಂದಳು.

ಆಮೇಲೆ ಯಾರೋ ಗೌರಿಯನ್ನು ಎರೆದವರು ಯಾರು ಎಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಅಕ್ಕ ಹೇಳಿದಳು.

“ಇಕಿ ಎರದಾಳ್ರಿ. ದಾರ ಬಿಗದದ್ದು, ಪಾಕ ಹೊಯ್ದದ್ದು ಎಲ್ಲಾ ಇಕಿನ. ನಾ ಬರೇ ಕುಂತ ನೋಡಿದ್ದು.”

ಎಲ್ಲರೂ ನನ್ನ ಕಡೆ ತಿರುಗಿದರು. ಜೀವನವಿಡೀ ಕಾದ ಮಾತು ಅದು. ಆದರೆ ಅದು ಅಕ್ಕನ ಬಾಯಿಂದ ಬಂದದ್ದಕ್ಕೆ ಅವಳೇ ದೊಡ್ಡವಳಾದಳು. ಅವಳು ಗೌರಿ ತನ್ನದೆಂದು ಹೇಳಿದ್ದರೆ ನನಗೆ ಸಾಯುವವರೆಗೆ ಸಾಕಾಗುವಷ್ಟು ಸಿಟ್ಟು ಸಿಗುತ್ತಿತ್ತು. ಅದನ್ನೂ ಕಸಿದುಕೊಂಡಳು.

ಊಟಕ್ಕೆ ಎರಡೂ ಮನೆಯವರು ಪಡಸಾಲೆಯಲ್ಲಿ ಸಾಲಾಗಿ ಕೂತೆವು. ಜೋಳದ ರೊಟ್ಟಿ, ಎಣ್ಣೆಗಾಯಿ, ಕೋಸಂಬರಿ, ಹೋಳಿಗೆ, ಕಟ್ಟಿನ ಸಾರು. ನನ್ನ ಮಗ, ಸೊಸೆ, ಮೊಮ್ಮಗ, ಅಕ್ಕನ ಮಗ, ಅವಳ ಸೊಸೆ, ಬೀಗರು, ಅವರ ನೆರೆಯವರು, ಎಲ್ಲ. ಅಕ್ಕನನ್ನು ನನ್ನ ಬಲಕ್ಕೆ ಕೂರಿಸಿದರು. ಹುಡುಗಿ ಬೇಡವೆಂದರೂ ಕೇಳದೆ ತುಪ್ಪದ ಗಿಂಡಿ ಹಿಡಿದು ಬಡಿಸಲು ಬಂದಳು. ನಮ್ಮ ಮುಂದೆ ನಿಂತು, ತನಗೂ ಗೊಂಬೆ ಎರೆಯುವುದನ್ನು ಕಲಿಸುವಿರೇನು ಎಂದು ಕೇಳಿದಳು. ಯಾರನ್ನು ಕೇಳಿದಳೋ ಗೊತ್ತಿಲ್ಲ. ನಮ್ಮಿಬ್ಬರ ನಡುವಿನ ಜಾಗವನ್ನು ನೋಡುತ್ತ ಕೇಳಿದಳು.

“ಮುಂದಿನ ವರ್ಷ ನನ್ನ ಕಡೆ ಬಾ,” ಎಂದಳು ಅಕ್ಕ. “ಗೌರಿ ಕಲಸ್ತೇನಿ.”

“ಮೊದಲ ನನ್ನ ಕಡೆ,” ಎಂದೆ ನಾನು. “ಮೊದಲ ಆನಿ. ಆನಿ ತಪ್ಪಿದ್ರ ಯಾರೂ ಏನೂ ಅನ್ನಂಗಿಲ್ಲ.”

“ಮದುವ್ಯಾದ ಹುಡುಗಿಗೆ ಯಾರರೇ ಆನಿ ಕಲಸ್ತಾರೇನ?”

“ಗೌರಿ ಕಲತ್ರ ಆನಿ ಮರೀತಾಳ. ನಾ ನೋಡೇನಲ್ಲ.”

ಸಾಲಿನಲ್ಲಿದ್ದವರೆಲ್ಲ ರೊಟ್ಟಿ ಮುರಿಯುವುದನ್ನು ನಿಲ್ಲಿಸಿ ನಮ್ಮ ಕಡೆ ನೋಡುತ್ತಿದ್ದರು. ಮೊಮ್ಮಗ ತಲೆ ತಗ್ಗಿಸಿ ನಗುತ್ತಿದ್ದ.

“ಇಬ್ಬರೂ ಲಗೂ ಬಗೆಹರಿಸ್ಕೊಳ್ರಿ,” ಎಂದಳು ಹುಡುಗಿ. “ಥಂಡಿ ಐತಿ, ತುಪ್ಪ ಗಟ್ಟಿ ಆಗಾಕತ್ತೈತಿ.”

ಮೂಗಿನ ಮೇಲೆ ಆ ನೆರಿಗೆ ಬಿತ್ತು. ಮೊದಲು ಅಕ್ಕನ ಹೋಳಿಗೆಗೆ ತುಪ್ಪ ಬಡಿಸಿದಳು. ಹಿರಿಯಳಲ್ಲವೆ, ಹಾಗೇ ಆಗಬೇಕು. ನನಗೆ ಎರಡನೆಯದಾಗಿ ಬಡಿಸಿದಳು. ಆದರೆ ನನ್ನ ಹೋಳಿಗೆಯ ಮೇಲೆ ಗಿಂಡಿ ತುಸು ಹೆಚ್ಚು ಹೊತ್ತು ಬಗ್ಗಿತು. ಅಕ್ಕ ಓರೆಗಣ್ಣಿನಿಂದ ನನ್ನ ತಾಟನ್ನು ನೋಡುತ್ತಿದ್ದಳು. ನಾನು ಆ ಹೋಳಿಗೆಯನ್ನು ಬಹಳ ನಿಧಾನವಾಗಿ ತಿಂದೆ.